ಶಾಲೇಲಿ ಕೊಡೋ ನೀಲಿ ಮಾತ್ರೆ ಮಕ್ಳು ಎಸೀದೆ ತಗೊಳ್ಳೋದು ಹೆಂಗೆ
ನಮ್ಮ ಶಿರಸಿ ಕಡೆ ಎಷ್ಟೋ ಮಕ್ಳು ಇದನ್ನ ಕಿಟಕಿ ಆಚೆ ಎಸ್ದು ಬರ್ತಾರೆ, ನಾವೂ ಚಿಕ್ಕವರಿದ್ದಾಗ ಏನ್ ಕಮ್ಮಿ ಇರ್ಲಿಲ್ಲ ಬಿಡಿ. ಅದು ವಾರಕ್ಕೊಂದು ಕೊಡೋ ಐರನ್ ಫೋಲಿಕ್ ಮಾತ್ರೆ, ರಕ್ತಹೀನತೆ ಬರದಂಗೆ, 10ರಿಂದ 19 ವರ್ಷದವರಿಗೆ ನೀಲಿ, ಸಣ್ಣವ್ರಿಗೆ ಗುಲಾಬಿ ಬಣ್ಣದ್ದು.

ಖಾಲಿ ಹೊಟ್ಟೇಲಿ ತಗೊಂಡ್ರೆ ವಾಕರಿಕೆ ಬರತ್ತೆ, ಆಮೇಲೆ ಮುಂದಿನ ವಾರ ಮುಟ್ಟೋದೇ ಇಲ್ಲ, ಹಂಗಾಗಿ ಬಿಸಿಯೂಟ ಆದ್ಮೇಲೇ ನೀರು ಕುಡ್ದು ನುಂಗು ಅಂತ ಹೇಳಿ ಕಳ್ಸಿ, ಜಗಿಯೋದು ಬೇಡ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಒಳ್ಳೇದೇ, ಆದ್ರೆ ಮಾತ್ರೆ ಜೊತೆಗಲ್ಲ, ಹಾಲು ಚಾ ಎರಡೂ ಕಬ್ಬಿಣ ಮೈಗೆ ಹತ್ತಕ್ಕೆ ಬಿಡಲ್ಲ. ಆವತ್ತು ಬುತ್ತೀಲಿ ನೆಲ್ಲಿಕಾಯಿನೋ ನಿಂಬೆಹಣ್ಣಿನ ಪಾನಕನೋ ಇದ್ರೆ ಇನ್ನೂ ಚೊಲೋ.

ಮಾರನೇ ದಿನ ಕಕ್ಕಸು ಕಪ್ಪಾದ್ರೆ ಹೆದರ್ಬೇಡಿ, ಅದು ಕಬ್ಬಿಣದ್ದೇ ಬಣ್ಣ.

ಫೆಬ್ರವರಿ, ಆಗಸ್ಟಲ್ಲಿ ಕೊಡೋ ಜಂತುಹುಳದ ಅಲ್ಬೆಂಡಜೋಲ್ ಬೇರೆ, ಅದನ್ನ ಮಾತ್ರ ಚೆನ್ನಾಗಿ ಜಗಿದೇ ತಿನ್ಬೇಕು. ನಮ್ ಮಳೆಗಾಲದಲ್ಲಿ ಬರಿಗಾಲಲ್ಲಿ ಕೆಸರು ತುಳಿಯೋ ಮಕ್ಳಿಗಂತೂ ತಪ್ಪಿಸ್ಲೇಬೇಡಿ. ಜ್ವರ ಇದ್ರೆ ಆವತ್ತು ಬೇಡ, ಟೀಚರಿಗೆ ಮೊದಲೇ ಹೇಳಿ, ಹುಷಾರಾದ್ಮೇಲೆ ಕೊಡ್ತಾರೆ.