ಎಂಟನೇ ತರಗತಿಯ ಇಂಗ್ಲಿಷ್: ಪಠ್ಯಪುಸ್ತಕ ತೆರೆಯುವ ಮುಂಚಿನ ಮೂರು ವಾರ

ನಮ್ಮ ಸರ್ಕಾರಿ ಪ್ರೌಢಶಾಲೆಯ ಎಂಟನೇ ತರಗತಿಗೆ ಸುತ್ತಲಿನ ಆರೇಳು ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳಿಂದ ಮಕ್ಕಳು ಬಂದು ಸೇರುತ್ತಾರೆ. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಗಿರುವುದರಿಂದ, ಲೆಕ್ಕದ ಪ್ರಕಾರ ಇವರೆಲ್ಲರೂ 7 ವರ್ಷ ಇಂಗ್ಲಿಷ್ ಓದಿಯೇ ಬಂದಿರುತ್ತಾರೆ. ಆದರೆ ಪ್ರಾರಂಭೋತ್ಸವದ ಮಾವಿನ ತೋರಣ ಬಾಡುವ ಮೊದಲೇ ತಿಳಿದುಬರುವ ಸಂಗತಿ ಬೇರೆ: ಇಡೀ ಪುಟವನ್ನು ಸರಾಗವಾಗಿ ಓದುವ ಹುಡುಗಿಯ ಪಕ್ಕದಲ್ಲೇ, ಅದೇ ತರಗತಿಯಲ್ಲಿ, ಸಣ್ಣಕ್ಷರದ ‘ಬಿ’ ಯಾವುದು ‘ಡಿ’ ಯಾವುದು ಎಂದು ತಡಕಾಡುವ ಹುಡುಗನೂ ಕುಳಿತಿರುತ್ತಾನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಇದನ್ನು ಅರಿಯದೆ, ಮೊದಲ ದಿನವೇ ಪುಸ್ತಕ ತೆಗೆಸಿ ಒಬ್ಬೊಬ್ಬರನ್ನೇ ಎಬ್ಬಿಸಿ ಗಟ್ಟಿಯಾಗಿ ಓದಿಸಿದೆ. ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳೇ ಹೊರತು ಬಾಯಿ ತೆರೆಯಲಿಲ್ಲ. ಹಿಂದಿನಿಂದ ಯಾರೋ ನಕ್ಕರು. ‘ಓದಮ್ಮ, ಓದು’ ಎಂದು ನಾನು ಮತ್ತೆರಡು ಸಲ ಒತ್ತಾಯಿಸಿದೆ. ಮರುದಿನದಿಂದ ಒಂದು ವಾರ ಅವಳು ಶಾಲೆಗೇ ಬರಲಿಲ್ಲ. ಮನೆಗೆ ಹೋಗಿ ವಿಚಾರಿಸಿದಾಗ, ಜಗಲಿಯ ಮೇಲೆ ನನ್ನ ಪಕ್ಕ ಕುಳಿತು ಅದೇ ಪುಟದ ಮೊದಲ ಎರಡು ಸಾಲನ್ನು ತಗ್ಗಿದ ದನಿಯಲ್ಲಿ ಓದಿ, ‘ಆಮೇಲಿಂದು ಬರಲ್ಲ ಸಾರ್’ ಎಂದಳು. ಅವಳಿಗೆ ಎಲ್ಲಿಯವರೆಗೆ ಬರುತ್ತದೆ, ಎಲ್ಲಿಂದ ಬರುವುದಿಲ್ಲ ಎಂಬುದು ಆ ಐದು ನಿಮಿಷದಲ್ಲಿ ನನಗೆ ತಿಳಿಯಿತು. ಅಂದಿನಿಂದ, ಒಬ್ಬರೇ ಇದ್ದಾಗ ಓದಿಸಿ ಕೇಳುವವರೆಗೆ ಯಾವ ಮಗುವನ್ನೂ ತರಗತಿಯ ಎದುರು ನಿಲ್ಲಿಸಿ ಓದಿಸುವುದಿಲ್ಲ ಎಂದು ನಿಶ್ಚಯಿಸಿ, ಹಾಗೆಯೇ ನಡೆದುಕೊಂಡು ಬಂದಿದ್ದೇನೆ.

ಹಿಂದಿನ ತರಗತಿಯ ಕಲಿಕೆಯನ್ನು ಹೊಸ ತರಗತಿಗೆ ಬೆಸೆಯಲು ವರ್ಷದ ಆರಂಭದಲ್ಲಿ ನಡೆಸುವ ಸೇತುಬಂಧದ ಪೂರ್ವ ಪರೀಕ್ಷೆಯನ್ನು ಎಲ್ಲರಂತೆ ನಾನೂ ನಡೆಸುತ್ತೇನೆ, ಅದು ಬೇಕಾದದ್ದೇ. ಆದರೆ ಬರವಣಿಗೆಯ ಪರೀಕ್ಷೆಯಲ್ಲಿ ದುಂಡಗೆ ನಕಲು ಮಾಡುವ ಮಗುವಿಗೂ ಓದಬಲ್ಲ ಮಗುವಿಗೂ ಇರುವ ವ್ಯತ್ಯಾಸ ಕಾಣಿಸುವುದಿಲ್ಲ. ಆದ್ದರಿಂದ ಬೆಳಗಿನ ಪ್ರಾರ್ಥನೆಗೆ ಮೊದಲು ಇಬ್ಬರು, ಬಿಸಿಯೂಟದ ನಂತರ ಇಬ್ಬರು, ಹೀಗೆ ದಿನಕ್ಕೆ ನಾಲ್ವರನ್ನು ವರಾಂಡದಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಓದಿಸುತ್ತೇನೆ. 40 ಮಕ್ಕಳಿಗೆ 10 ದಿನ ಸಾಕು. ಕೈಯಲ್ಲಿರುವುದು ಅರ್ಧ ಹಾಳೆ ಮಾತ್ರ: ಹತ್ತು ಸಣ್ಣ ಪದ, ಮೂರು ವಾಕ್ಯ. ವಾಕ್ಯವನ್ನು ಒಮ್ಮೆ ಓದಿಸಿದ ಬಳಿಕ ಅದರ ಪದಗಳನ್ನು ಕೊನೆಯಿಂದ ಮೊದಲಿಗೆ ಓದಿಸಿದರೆ, ಬಾಯಿಪಾಠ ಎಷ್ಟು, ಓದು ಎಷ್ಟು ಎಂಬುದು ತಾನಾಗಿ ಬೇರೆಯಾಗುತ್ತದೆ. ‘ಸಿ ಎ ಟಿ ಕ್ಯಾಟ್’ ಎಂದು ಥಟ್ಟನೆ ಹೇಳುವ ಎಷ್ಟೋ ಮಕ್ಕಳು ಕೊನೆಯ ‘ಟಿ’ ತೆಗೆದು ‘ಪಿ’ ಬರೆದ ಕೂಡಲೇ ನಿಂತುಬಿಡುತ್ತಾರೆ. ಅವರಿಗೆ ಗೊತ್ತಿರುವುದು ಅಕ್ಷರದ ಹೆಸರು ಮತ್ತು ಪದದ ಉಚ್ಚಾರಣೆ. ಇವೆರಡರ ನಡುವೆ ಇರುವ ಅಕ್ಷರದ ಧ್ವನಿ ಗೊತ್ತಿಲ್ಲ.

ಇದಕ್ಕೆ ಮಕ್ಕಳನ್ನು ದೂರುವುದು ಸರಿಯಲ್ಲ. ಕನ್ನಡದಲ್ಲಿ ‘ಕ’ ಅಕ್ಷರದ ಹೆಸರೂ ಅದೇ, ಧ್ವನಿಯೂ ಅದೇ. ಈ ನಂಬಿಕೆಯಿಂದಲೇ ಬೆಳೆದ ಮಗುವಿಗೆ, ‘ಸಿ’ ಎಂದು ಕರೆಯುವ ಅಕ್ಷರ ಒಂದು ಪದದಲ್ಲಿ ‘ಕ್’ ಎಂದೂ ಇನ್ನೊಂದರಲ್ಲಿ ‘ಸ್’ ಎಂದೂ ನುಡಿಯುತ್ತದೆ, ಒಂದೇ ‘ಯು’ ಅಕ್ಷರ ‘ಪುಟ್’ನಲ್ಲಿ ಒಂದು ಬಗೆ, ‘ಬಟ್’ನಲ್ಲಿ ಇನ್ನೊಂದು ಬಗೆ ಎಂಬುದನ್ನು ಯಾರಾದರೂ ಬಿಡಿಸಿ ಹೇಳಲೇಬೇಕು. ಹೇಳದಿದ್ದಾಗ ಮಗು ತಾನೇ ಒಂದು ದಾರಿ ಹುಡುಕಿಕೊಂಡು, ಇಂಗ್ಲಿಷ್ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರಗಳನ್ನು ಬರೆದುಕೊಳ್ಳುತ್ತದೆ. ಹಿಂದೆ ನಾನು ಅದನ್ನು ಅಳಿಸಿಸುತ್ತಿದ್ದೆ. ಈಗ ಅದನ್ನು ಓದುತ್ತೇನೆ, ಏಕೆಂದರೆ ಯಾವ ಪದದ ಮೇಲೆ ಬರೆದುಕೊಂಡಿದ್ದಾರೋ ಅಲ್ಲಿಯೇ ಓದು ನಿಂತಿದೆ ಎಂದರ್ಥ.

ಈ ಅವಧಿಯಲ್ಲಿ ತರಗತಿಯ ಪಾಠ ಮಕ್ಕಳ ಬಾಯಲ್ಲಿ ಈಗಾಗಲೇ ಇರುವ ಪದಗಳಿಂದ ನಡೆಯುತ್ತದೆ. ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ಕೇಳಿದ ಇಂಗ್ಲಿಷ್ ಪದಗಳನ್ನು ತರಲು ಹೇಳಿದರೆ ಬಸ್ಸು, ಲೈಟು, ಪಂಪ್‌ಸೆಟ್ಟು, ಸ್ಟಾರ್ಟರು, ಟಿಕೇಟು ಎಂದು ಎರಡೇ ದಿನದಲ್ಲಿ ಕಪ್ಪುಹಲಗೆ ತುಂಬುತ್ತದೆ. ಇಂಗ್ಲಿಷ್ ಬರುವುದೇ ಇಲ್ಲ ಎಂದುಕೊಂಡಿದ್ದ ಮಗು ತನ್ನ ಪದವನ್ನು ಹಲಗೆಯ ಮೇಲೆ ನೋಡಿ ನೆಟ್ಟಗೆ ಕುಳಿತುಕೊಳ್ಳುವುದನ್ನು ಕಾಣುವಾಗ ನನಗಾಗುವ ಸಂತೋಷ ಪ್ರತಿವರ್ಷವೂ ಹೊಸದು. ಆಮೇಲೆ ಕನ್ನಡದ ವಾಡಿಕೆಯಂತೆ ಪದಗಳ ಕೊನೆಗೆ ಸೇರಿರುವ ‘ಉ’ಕಾರವನ್ನು ಬಿಟ್ಟು ನುಡಿಯುವ, ಮೊದಲ ಧ್ವನಿ ಒಂದೇ ಆಗಿರುವ ಪದಗಳನ್ನು ಒಟ್ಟುಗೂಡಿಸುವ ಅಭ್ಯಾಸ ನಡೆಯುತ್ತದೆ.

ಮೂರನೇ ವಾರ ಪರಿಚಯದ ವಾಕ್ಯಗಳು. ‘ಮೈ ನೇಮ್ ಮಂಜುಳ’ ಎಂದು ನಡುವಿನ ‘ಈಸ್’ ಬಿಟ್ಟು ಹೇಳುವವರೇ ಹೆಚ್ಚು. ‘ನನ್ನ ಹೆಸರು ಮಂಜುಳ’ ಎಂಬ ಕನ್ನಡ ವಾಕ್ಯಕ್ಕೆ ಕ್ರಿಯಾಪದವೇ ಬೇಕಿಲ್ಲ. ಎರಡೂ ವಾಕ್ಯಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು, ಕನ್ನಡದ ವಾಕ್ಯದಲ್ಲಿ ಖಾಲಿ ಇರುವ ಜಾಗವನ್ನು ಮಕ್ಕಳೇ ಗುರುತಿಸುವಂತೆ ಮಾಡಿದರೆ, ಹತ್ತು ಸಲ ತಿದ್ದುವುದಕ್ಕಿಂತ ಹೆಚ್ಚು ನಿಲ್ಲುತ್ತದೆ. ಕನ್ನಡವನ್ನು ಇಂಗ್ಲಿಷ್ ತರಗತಿಯಿಂದ ಹೊರಗಿಡಬೇಕೆಂಬ ಮಾತನ್ನು ನಾನು ಈ ಕಾರಣಕ್ಕಾಗಿಯೇ ಒಪ್ಪುವುದಿಲ್ಲ.

ಪಠ್ಯ ಮುಗಿಯುವುದು ತಡವಾಗುವುದಿಲ್ಲವೇ ಎಂದು ಸಹೋದ್ಯೋಗಿಗಳು ಕೇಳುವುದುಂಟು. ಜೂನ್‌ನಲ್ಲಿ ಹಿಂದೆ ಬಿದ್ದ ಪಾಠ ಸಾಮಾನ್ಯವಾಗಿ ಆಗಸ್ಟ್ ಕೊನೆಯ ಹೊತ್ತಿಗೆ ಸರಿಹೋಗುತ್ತದೆ. ನಾಲ್ಕನೇ ವಾರದ ಸೋಮವಾರ ಪುಸ್ತಕ ತೆರೆಯುತ್ತೇವೆ. ಮೊದಲ ಪಾಠವನ್ನು ನಾನೇ ಓದುತ್ತೇನೆ, ಮಕ್ಕಳು ಬೆರಳಿಟ್ಟು ಸಾಲನ್ನು ಹಿಂಬಾಲಿಸುತ್ತಾರೆ. ಅಕ್ಷರದ ಧ್ವನಿಗಳಲ್ಲಿ ಇನ್ನೂ ತೊಡಕಿರುವ ಎಂಟು ಹತ್ತು ಮಕ್ಕಳೊಂದಿಗೆ ಬಿಸಿಯೂಟದ ನಂತರದ 20 ನಿಮಿಷಗಳ ಓದು ದಸರಾ ರಜೆಯವರೆಗೂ ಅದೇ ವರಾಂಡದಲ್ಲಿ ಮುಂದುವರಿಯುತ್ತದೆ.