ಅಜ್ಜಿಯ ವಿಡಿಯೊ ಫೋನಿನಿಂದ ಲಿನಕ್ಸ್‌ಗೆ ಬಂದಿದ್ದು ಹೀಗೆ

ಅಮ್ಮನ ಫೋನಲ್ಲಿ ಜಾಗ ತುಂಬಿತ್ತು. ಎಲ್ಲ ನಿನ್ನ ಲ್ಯಾಪ್‌ಟಾಪಿಗೆ ಹಾಕಿಕೋ ಅಂದರು. ನನ್ನದರಲ್ಲಿ ವಿಂಡೋಸ್ ಬದಲು ಉಬುಂಟು ಇದೆ, ಅದು ಲಿನಕ್ಸ್‌ನ ಒಂದು ಬಗೆ. ಅದರಲ್ಲಿ ಬಸವನಗುಡಿ ಕಡಲೆಕಾಯಿ ಪರಿಷೆಯ ವಿಡಿಯೊಗಳಿದ್ದವು. ಒಂದರಲ್ಲಿ ಅಜ್ಜಿ ರಾಶಿಯ ಪಕ್ಕ ನಿಂತು, ಕಾಯಿ ಒಡೆದು ರುಚಿ ನೋಡಿ, ಆಮೇಲೆ ಚೌಕಾಸಿಗೆ ಇಳಿಯುತ್ತಾರೆ. ಅದು ಕಳೆದುಹೋದರೆ ಮತ್ತೆ ಸಿಗುತ್ತಾ?

ಕೇಬಲ್ ಹಾಕಿದೆ. ಚಾರ್ಜ್ ಆಯಿತು, ಅಷ್ಟೇ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ (lsusb) ಕೊಟ್ಟೆ, ಯುಎಸ್‌ಬಿಗೆ ಸೇರಿಸಿದ ಸಾಧನಗಳನ್ನು ತೋರಿಸುವ ಕಮಾಂಡ್ ಅದು; ಪಟ್ಟಿಯಲ್ಲಿ ಫೋನೇ ಇಲ್ಲ. ತಪ್ಪು ಲಿನಕ್ಸ್‌ದಲ್ಲ, ಕೇಬಲ್‌ದು. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾ ತಂತಿ ಇರುವುದಿಲ್ಲ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ಡೇಟಾ ಕೇಬಲ್ಲೇ ಬೇಕು ಅಂತ ಕೇಳಿ ತಂದೆ.

ಈಗ ಫೋನ್ ಕಾಣಿಸಿತು. ಲಾಕ್ ತೆಗೆದು, ನೋಟಿಫಿಕೇಶನ್‌ನಲ್ಲಿ 'ಫೈಲ್ ಟ್ರಾನ್ಸ್‌ಫರ್' ಒತ್ತಿದೆ. ಫೋಟೊಗಳು ಸಲೀಸಾಗಿ ಬಂದವು. ದೊಡ್ಡ ವಿಡಿಯೊಗಳು ಮಾತ್ರ ಅರ್ಧಕ್ಕೇ ನಿಂತವು. ಇಲ್ಲಿ ನಡೆಯುವುದು ಎಂಟಿಪಿ, ಅಂದರೆ ಫೋನ್ ಮತ್ತು ಕಂಪ್ಯೂಟರ್ ನಡುವೆ ಫೈಲ್ ಸಾಗಿಸುವ ಒಂದು ವಿಧಾನ. ಫೋನ್ ಪೆನ್‌ಡ್ರೈವ್ ಥರ ತೆರೆದುಕೊಳ್ಳುವುದಿಲ್ಲ, ಪ್ರತಿ ಫೈಲನ್ನೂ ಫೋನೇ ತೆಗೆದು ಕೊಡಬೇಕು. ಸುಮ್ನೆ ಮತ್ತೆ ಮತ್ತೆ ಕಾಪಿ ಕೊಟ್ಟು ಒಂದು ಸಂಜೆ ಹೋಯಿತು.

ಕೊನೆಗೆ ಕೈ ಹಿಡಿದಿದ್ದು ಎಡಿಬಿ, ಕಂಪ್ಯೂಟರಿನಿಂದ ಆಂಡ್ರಾಯ್ಡ್ ಫೋನಿಗೆ ಕಮಾಂಡ್ ಕೊಡುವ ಸಾಧನ. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅಲ್ಲಿ ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪಿನಲ್ಲಿ ಫೋನಿನಿಂದ ಫೈಲ್ ಎಳೆದುಕೊಳ್ಳುವ ಎಡಿಬಿ ಪುಲ್ (adb pull) ಕಮಾಂಡ್ ಕೊಟ್ಟೆ. ಜೊತೆಗೆ ಒಂದು ಅಡ್ಡಗೆರೆ ಹಾಕಿ ಇಂಗ್ಲಿಷಿನ ಚಿಕ್ಕ 'ಎ' (-a) ಸೇರಿಸಿದರೆ, ಫೈಲಿನ ಹಳೇ ತಾರೀಖು ಹಾಗೇ ಉಳಿಯುತ್ತದೆ. ನನಗೆ ಇದು ಜಾಸ್ತಿ ಮುಖ್ಯ ಅನ್ನಿಸಿತು, ಪರಿಷೆ ಯಾವ ವರ್ಷದ್ದು ಅಂತ ಗೊತ್ತಾಗಬೇಕಲ್ವಾ?

ಎರಡೂ ಕಡೆ ಫೈಲ್ ಎಣಿಸಿದೆ, ಸರಿಹೊಂದಿತು. ಡಿಬಗಿಂಗ್ ಆಫ್ ಮಾಡಿದೆ. ಅಜ್ಜಿಯ ವಿಡಿಯೊ ಕೊನೆಯವರೆಗೂ ಓಡಿಸಿ ನೋಡಿದ ಮೇಲೆಯೇ ಫೋನಿನಿಂದ ಅಳಿಸಿದ್ದು.