ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವುದು ಹೇಗೆ?

ಗ್ರಂಥಾಲಯ ಮತ್ತು ಮಾಹಿತಿ ವಿಜ್ಞಾನ, ಮಾಹಿತಿ ವ್ಯವಸ್ಥೆಗಳು, ಇ-ಆಡಳಿತ ಮುಂತಾದ ವಿಷಯಗಳಲ್ಲಿ ಪಿಎಚ್.ಡಿ. ಮಾಡುತ್ತಿರುವ ವಿದ್ಯಾರ್ಥಿಗಳ ಪ್ರಶ್ನಾವಳಿಗಳನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಲವು ವರ್ಷಗಳಿಂದ ತಿದ್ದುತ್ತ ಬಂದಿದ್ದೇನೆ. ಅಂಕಿಅಂಶಗಳ ಲೆಕ್ಕದಲ್ಲಿ ಎಡವುವವರು ಅವರಲ್ಲಿ ಕಡಿಮೆ, ಏಕೆಂದರೆ ಅದಕ್ಕೆ ತಂತ್ರಾಂಶವಿದೆ, ಕೇಳಿದರೆ ಹೇಳಿಕೊಡುವವರೂ ಇದ್ದಾರೆ. ಹೆಚ್ಚಿನವರು ಎಡವುವುದು ಅದಕ್ಕಿಂತ ಬಹಳ ಮೊದಲು, ಇಂಗ್ಲಿಷಿನ ಮಾಪನವನ್ನು, ಅಂದರೆ ಜನರ ಅಭಿಪ್ರಾಯವನ್ನು ಅಂಕಗಳಲ್ಲಿ ಅಳೆಯುವ ವಾಕ್ಯಗಳ ಪಟ್ಟಿಯನ್ನು, ಕನ್ನಡಕ್ಕೆ ತರುವಾಗ. ಒಂದು ಸಂಜೆಯಲ್ಲಿ ಮುಗಿಸಿಬಿಡುವ ಕೆಲಸವೆಂದು ಅವರು ತಿಳಿದಿರುತ್ತಾರೆ. ಅದಕ್ಕೆ ಆರು ವಾರಗಳನ್ನು ಎತ್ತಿಡಬೇಕೆಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಹಂತ 1: ಮೂಲ ಮಾಪನವನ್ನು ಮೂಲ ಲೇಖನದಿಂದಲೇ ತೆಗೆದುಕೊಳ್ಳಿ

ಜನ ಒಂದು ತಂತ್ರಜ್ಞಾನವನ್ನು ಏಕೆ ಒಪ್ಪುತ್ತಾರೆ ಎಂಬುದು ನಿಮ್ಮ ಪ್ರಶ್ನೆಯಾದರೆ ಅದರ ಉಪಯುಕ್ತತೆ ಮತ್ತು ಬಳಕೆಯ ಸುಲಭತೆಯನ್ನು ಬೇರೆಬೇರೆಯಾಗಿ ಅಳೆಯುವ, ಫ್ರೆಡ್ ಡೇವಿಸ್ 1989ರಲ್ಲಿ ಪ್ರಕಟಿಸಿದ ಮಾಪನವಿದೆ. ಮಾಹಿತಿ ವ್ಯವಸ್ಥೆಯೊಂದರ ಯಶಸ್ಸು ನಿಮ್ಮ ಪ್ರಶ್ನೆಯಾದರೆ ಡಿಲೋನ್ ಮತ್ತು ಮೆಕ್ಲೀನ್ ಅವರು 1992ರಲ್ಲಿ ಮಂಡಿಸಿ 2003ರಲ್ಲಿ ಪರಿಷ್ಕರಿಸಿದ ಮಾದರಿಯಿದೆ. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ‘ಶೋಧಗಂಗಾ’ದಲ್ಲಿ ಸಿಗುವ ಯಾವುದೋ ಪ್ರಬಂಧದ ಅನುಬಂಧದಿಂದ ವಾಕ್ಯಗಳನ್ನು ಎತ್ತಿಕೊಳ್ಳಬೇಡಿ. ಆ ಪ್ರಬಂಧದವರು ಅದನ್ನು ಇನ್ನೊಂದು ಪ್ರಬಂಧದಿಂದ ಎತ್ತಿಕೊಂಡಿರುತ್ತಾರೆ, ಕೈಯಿಂದ ಕೈಗೆ ದಾಟುವಾಗ ಒಂದೆರಡು ವಾಕ್ಯಗಳು ಬಿಟ್ಟುಹೋಗಿರುತ್ತವೆ.

ಹಂತ 2: ಇಬ್ಬರಿಂದ ಬೇರೆಬೇರೆಯಾಗಿ ಅನುವಾದ ಮಾಡಿಸಿ

ಒಬ್ಬರು ವಿಷಯ ಬಲ್ಲವರಾಗಿರಲಿ, ಇನ್ನೊಬ್ಬರು ವಿಷಯದ ಗಂಧವಿಲ್ಲದೆ ಕನ್ನಡವನ್ನು ಚೆನ್ನಾಗಿ ಬರೆಯುವವರಾಗಿರಲಿ. ನನ್ನ ಅನುಭವದಲ್ಲಿ ಹೈಸ್ಕೂಲಿನ ಕನ್ನಡ ಶಿಕ್ಷಕರು ಈ ಎರಡನೆಯ ಕೆಲಸಕ್ಕೆ ಎಲ್ಲರಿಗಿಂತ ಯೋಗ್ಯರು. ಇಬ್ಬರೂ ಮುಗಿಸಿದ ಮೇಲೆ ಮೂವರೂ ಒಟ್ಟಿಗೆ ಕುಳಿತು ವಾಕ್ಯವಾಕ್ಯವನ್ನೂ ಹೋಲಿಸಿ ಒಂದು ಪಾಠವನ್ನು, ಅಂದರೆ ಮೂವರೂ ಒಪ್ಪಿದ ಕನ್ನಡ ರೂಪವನ್ನು, ಸಿದ್ಧಪಡಿಸಿಕೊಳ್ಳಿ. ಯಂತ್ರಾನುವಾದ ಈಗ ಮೊದಲಿಗಿಂತ ಬಹಳ ಸುಧಾರಿಸಿದೆಯಾದರೂ ಮೊದಲ ಕರಡಿಗೆ ಅದನ್ನು ಬಳಸಬೇಡಿ. ಅದು ಕೊಟ್ಟ ವಾಕ್ಯ ಒಮ್ಮೆ ಕಣ್ಣಿಗೆ ಬಿದ್ದರೆ ಬೇರೊಂದು ವಾಕ್ಯ ಹೊಳೆಯುವುದೇ ನಿಂತುಹೋಗುತ್ತದೆ.

ಹಂತ 3: ಮರು ಅನುವಾದ, ಆದರೆ ಅದನ್ನೇ ನಂಬಿ ಕೂರಬೇಡಿ

ಕನ್ನಡ ಪಾಠವನ್ನು ಮೂಲ ನೋಡದ ವ್ಯಕ್ತಿಯಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಮೂಲದೊಂದಿಗೆ ಹೋಲಿಸುವ ಕ್ರಮವನ್ನು ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದರು. ಎಲ್ಲ ಮಾರ್ಗದರ್ಶಕರೂ ಇದನ್ನು ಕೇಳುತ್ತಾರೆ, ಕೇಳಲೇಬೇಕು. ಆದರೆ ಈ ಪರೀಕ್ಷೆಯಲ್ಲಿ ಒಂದು ದೊಡ್ಡ ಕೊರತೆಯಿದೆ. ಡೇವಿಸ್ ಅವರ ಮಾಪನದಲ್ಲಿ ವ್ಯವಸ್ಥೆಯೊಂದಿಗಿನ ವ್ಯವಹಾರ ‘ಫ್ಲೆಕ್ಸಿಬಲ್’ ಆಗಿದೆಯೇ ಎಂದು ಕೇಳುವ ವಾಕ್ಯವೊಂದಿದೆ. ಅದನ್ನು ‘ನಮ್ಯವಾಗಿದೆ’ ಎಂದು ಅನುವಾದಿಸಿ ಯಾವ ಇಂಗ್ಲಿಷ್ ಬಲ್ಲವರ ಕೈಗೆ ಕೊಟ್ಟರೂ ಅದು ‘ಫ್ಲೆಕ್ಸಿಬಲ್’ ಎಂದೇ ಮರಳಿ ಬರುತ್ತದೆ, ಹೋಲಿಕೆಯಲ್ಲಿ ಪೂರ್ಣ ಅಂಕವೂ ಸಿಗುತ್ತದೆ. ‘ನಮ್ಯ’ ಎಂಬ ಮಾತನ್ನು ಅಥಣಿಯ ಕಬ್ಬು ಬೆಳೆಗಾರನಾಗಲಿ ಬನಹಟ್ಟಿಯ ನೇಕಾರನಾಗಲಿ ಒಮ್ಮೆಯೂ ಆಡಿಲ್ಲವೆಂಬುದು ಮರು ಅನುವಾದದಲ್ಲಿ ಕಾಣಿಸುವುದೇ ಇಲ್ಲ. ಅಂದರೆ ಪುಸ್ತಕದ ಪದಗಳು ಈ ಪರೀಕ್ಷೆಯನ್ನು ಸುಲಭವಾಗಿ ದಾಟುತ್ತವೆ, ಆಡುಮಾತಿನ ಪದಗಳೇ ಸಿಕ್ಕಿಬೀಳುತ್ತವೆ. ಆದ್ದರಿಂದ ಮರು ಅನುವಾದದಲ್ಲಿ ವ್ಯತ್ಯಾಸ ಬಂತೆಂದು ಒಳ್ಳೆಯ ಕನ್ನಡ ವಾಕ್ಯವನ್ನು ಅವಸರದಲ್ಲಿ ಹೊಡೆದುಹಾಕಬೇಡಿ. ಅದು ಉಳಿಯಬೇಕೋ ಬೇಡವೋ ಎಂಬುದು ಮುಂದಿನ ಹಂತದಲ್ಲಿ ತೀರ್ಮಾನವಾಗುತ್ತದೆ.

ಹಂತ 4: ಉತ್ತರಿಸುವವರ ಬಾಯಿಂದ ಅರ್ಥ ಕೇಳಿ

ಈ ಹಂತವನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ. ಹಾಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಯೊಂದಿಗೆ ಇಂಡಿ ತಾಲ್ಲೂಕಿನ ಹಳ್ಳಿಯೊಂದಕ್ಕೆ ಹೋಗಿದ್ದೆ. ರಾಜ್ಯದ ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ ಆಕೆಯ ವಿಷಯ. ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳನ್ನು ಕೈಬರಹದ ವಹಿಗಳಿಂದ ಕಂಪ್ಯೂಟರಿಗೆ ತಂದ ಈ ಯೋಜನೆಯನ್ನು ದೇಶವಿದೇಶಗಳ ಸಂಶೋಧಕರು ಚರ್ಚಿಸಿದ್ದಾರೆ. ಆಕೆಯ ಪ್ರಶ್ನಾವಳಿ ಮರು ಅನುವಾದವನ್ನು ದಾಟಿತ್ತು, ಇಬ್ಬರು ತಜ್ಞರ ಸಹಿಯೂ ಬಿದ್ದಿತ್ತು. ಮೊದಲ ವಾಕ್ಯ ‘ಭೂಮಿಯು ನನಗೆ ಉಪಯುಕ್ತವಾಗಿದೆ’ ಎಂದಿತ್ತು. ನಿಂಬೆ ತೋಟದ ಬದುವಿನ ಮೇಲೆ ಕುಳಿತಿದ್ದ ಹಿರಿಯರು ವಾಕ್ಯ ಮುಗಿಯುವುದಕ್ಕೆ ಮೊದಲೇ, ‘ಭೂಮಿ ಇಲ್ಲಂದ್ರ ನಾವು ಹೆಂಗ ಬದುಕೋದು ತಂಗಿ? ಐದಕ್ಕ ಐದು ಬರಕೋ’ ಎಂದರು. ‘ಈ ವ್ಯವಸ್ಥೆಯನ್ನು ಬಳಸುವುದು ಸುಲಭ’ ಎಂಬ ವಾಕ್ಯಕ್ಕೂ ಐದು ಕೊಟ್ಟರು. ಏಕೆಂದು ಕೇಳಿದ್ದಕ್ಕೆ, ‘ಆಫೀಸಿನ್ಯಾಗ ಕುರ್ಚಿ ಹಾಕ್ಯಾರ, ಕುಡಿಯಾಕ ನೀರು ಇಟ್ಟಾರ, ವ್ಯವಸ್ಥಾ ಚಲೋ ಐತಿ’ ಎಂದು ವಿವರಿಸಿದರು. ನಾವು ಕೇಳಿದ್ದು ಗಣಕೀಕೃತ ದಾಖಲೆಯ ವಿಷಯ, ಅವರು ಉತ್ತರಿಸಿದ್ದು ತಮ್ಮ ಹೊಲದ ಮತ್ತು ಕಚೇರಿಯ ಕುರ್ಚಿಯ ವಿಷಯ. ಏಕೆಂದು ಕೇಳದೇ ಹೋಗಿದ್ದರೆ ಆ ಎರಡು ಐದುಗಳು ನೇರವಾಗಿ ಕೋಷ್ಟಕದಲ್ಲಿ ಸೇರಿ, ‘ರೈತರು ಭೂಮಿ ತಂತ್ರಾಂಶವನ್ನು ಅತ್ಯಂತ ಉಪಯುಕ್ತವೆಂದು ಭಾವಿಸುತ್ತಾರೆ’ ಎಂಬ ತೀರ್ಮಾನವಾಗಿ ಹೊರಬರುತ್ತಿದ್ದವು.

ಆ ಮಧ್ಯಾಹ್ನವೇ ವಾಕ್ಯಗಳನ್ನು ಬದಲಿಸಿದೆವು. ನಮ್ಮ ಕಡೆ ಪಹಣಿಗೆ ಜನ ಹೇಳುವುದು ‘ಉತಾರ’. ‘ಕಂಪ್ಯೂಟರ್ ಉತಾರ ಬಂದ ಮೇಲೆ ಹೊಲದ ಕಾಗದಪತ್ರದ ಕೆಲಸ ಬೇಗ ಆಗುತ್ತದೆ’ ಎಂದು ಓದಿದಾಗ ಅದೇ ಹಿರಿಯರು ಒಂದು ಕ್ಷಣ ಸುಮ್ಮನಿದ್ದು, ‘ಲಗೂನ ಸಿಗತೈತಿ ಖರೆ, ನಾಕು ಬರಿ’ ಎಂದರು. ‘ಕಂಪ್ಯೂಟರ್ ಉತಾರದಲ್ಲಿ ಬರೆದಿರುವುದು ನನಗೆ ಸುಲಭವಾಗಿ ತಿಳಿಯುತ್ತದೆ’ ಎಂಬುದಕ್ಕೆ, ‘ಅದನ್ನ ಓದಿ ಹೇಳಾಕ ಮಗನ ಬೇಕು ನೋಡು’ ಎಂದು ಎರಡು ಕೊಟ್ಟರು. ಉಪಯುಕ್ತತೆ ಬೇರೆ, ಸುಲಭತೆ ಬೇರೆ ಎಂಬ ಡೇವಿಸ್ ಅವರ ಮೂಲ ವಿಚಾರ ಆ ಬದುವಿನ ಮೇಲೆ, ಅಕ್ಷರ ಬಾರದ ಒಬ್ಬರ ಬಾಯಲ್ಲಿ, ಅಷ್ಟು ಸ್ಪಷ್ಟವಾಗಿ ಬಂದದ್ದನ್ನು ನಾನು ಮರೆತಿಲ್ಲ. ಮಾದರಿ ಸರಿಯಾಗಿಯೇ ಇತ್ತು, ನಮ್ಮ ಕನ್ನಡ ಅದನ್ನು ಮುಚ್ಚಿಟ್ಟಿತ್ತು.

ಇದನ್ನು ಕ್ರಮವಾಗಿ ಮಾಡುವ ಬಗೆ ಹೀಗೆ. ನಿಮ್ಮ ಅಧ್ಯಯನದ ಜನರಂತೆಯೇ ಇರುವ, ಆದರೆ ಮುಂದೆ ಅಧ್ಯಯನದಲ್ಲಿ ಸೇರದ ಎಂಟರಿಂದ ಹತ್ತು ಮಂದಿಯನ್ನು ಆರಿಸಿಕೊಳ್ಳಿ. ಅವರಲ್ಲಿ ಹೆಂಗಸರು, ವಯಸ್ಸಾದವರು, ಶಾಲೆ ಅರ್ಧಕ್ಕೆ ಬಿಟ್ಟವರು ಇರಲೇಬೇಕು. ಉದ್ದನೆಯ ನೋಟುಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ವಾಕ್ಯ, ಎರಡನೆಯದರಲ್ಲಿ ಅವರು ಕೊಟ್ಟ ಅಂಕ, ಮೂರನೆಯದರಲ್ಲಿ ಆ ವಾಕ್ಯದಿಂದ ಅವರಿಗೆ ಏನು ತಿಳಿಯಿತೆಂಬುದು, ಅವರದೇ ಮಾತಿನಲ್ಲಿ. ‘ಅರ್ಥವಾಯಿತೇ?’ ಎಂದು ಕೇಳಬೇಡಿ, ಮನೆಗೆ ಬಂದವರ ಮನಸ್ಸು ನೋಯಿಸಬಾರದೆಂದು ಎಲ್ಲರೂ ಹೌದೆನ್ನುತ್ತಾರೆ. ‘ಇದನ್ನ ನಿಮ್ಮ ಮಾತಿನ್ಯಾಗ ಹೇಳ್ರಿ’, ‘ಈ ನಾಕು ಯಾಕ ಕೊಟ್ರಿ?’, ‘ಹಿಂದಿನ ಸಲ ಉತಾರ ತರಾಕ ಹೋದಾಗ ಏನೇನಾತು?’ ಎಂದು ಕೇಳಿ. ಅವರು ಹೇಳಿದ್ದನ್ನು ನಿಮ್ಮ ಶಿಷ್ಟ ಕನ್ನಡಕ್ಕೆ ತಿದ್ದಿಕೊಳ್ಳದೆ ಹಾಗೆಯೇ ಬರೆದುಕೊಳ್ಳಿ. ಮೂರನೆಯ ಕಾಲಂ ಮೂಲದ ಅರ್ಥದಿಂದ ದೂರ ಹೋದ ವಾಕ್ಯಗಳನ್ನು ಬದಲಿಸಿ, ಹೊಸ ಐದಾರು ಜನರ ಮುಂದೆ ಮತ್ತೆ ಓದಿ. ನಾನು ನೋಡಿದ ಪ್ರಶ್ನಾವಳಿಗಳಲ್ಲಿ ಮೂರು ಸುತ್ತಿಗಿಂತ ಮೊದಲು ನೆಲೆಗೆ ನಿಂತದ್ದು ಒಂದೂ ಇಲ್ಲ.

ಕೆಲವು ಪದಗಳನ್ನು ಮೊದಲೇ ಅನುಮಾನದಿಂದ ನೋಡಿ. ‘ವ್ಯವಸ್ಥೆ’ ಎಂಬುದರ ಬದಲು ಆಪ್, ವೆಬ್‌ಸೈಟ್, ಕಂಪ್ಯೂಟರ್ ಉತಾರ ಎಂದು ವಸ್ತುವಿನ ಹೆಸರನ್ನೇ ಹೇಳಿ. ‘ಮಾಹಿತಿ’ ಎಂದರೆ ಹಲವರಿಗೆ ಮೊದಲು ನೆನಪಾಗುವುದು ಮಾಹಿತಿ ಹಕ್ಕಿನ ಅರ್ಜಿ. ‘ಋಣ’ ಎನ್ನುವ ಕಡೆ ಉತಾರದ ‘11ನೇ ಕಾಲಂನ ಬೋಜಾ’ ಎಂದರೆ ರೈತರಿಗೆ ತಕ್ಷಣ ಗೊತ್ತಾಗುತ್ತದೆ. ಇಷ್ಟೆಲ್ಲ ಆಡುಮಾತು ಬಳಸಿದರೆ ಪ್ರಬಂಧದ ಘನತೆ ಕಡಿಮೆಯಾಗುತ್ತದೆಂದು ವಾದಿಸುವ ಮಾರ್ಗದರ್ಶಕರಿದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಪ್ರಬಂಧದ ಭಾಷೆ ಶಿಷ್ಟವಾಗಿರಲಿ, ಪ್ರಶ್ನಾವಳಿಯ ಭಾಷೆ ಉತ್ತರಿಸುವವರದ್ದಾಗಿರಬೇಕು.

ಬೆಳಗಾವಿ ಗಡಿಭಾಗದಲ್ಲಿ ಮರಾಠಿ, ವಿಜಯಪುರ ನಗರದಲ್ಲಿ ಉರ್ದು ಪಾಠವೂ ಬೇಕಾಗಬಹುದು. ಅವುಗಳನ್ನು ಕನ್ನಡ ಪಾಠದಿಂದ ಅನುವಾದಿಸದೆ ಇಂಗ್ಲಿಷ್ ಮೂಲದಿಂದಲೇ ಮಾಡಿಸಿ, ಈ ನಾಲ್ಕೂ ಹಂತಗಳನ್ನು ಪ್ರತಿ ಭಾಷೆಗೂ ಬೇರೆಯಾಗಿ ನಡೆಸಬೇಕು.

ಹಂತ 5: ಉತ್ತರದ ಅಳತೆಗೋಲು

ರೆನ್ಸಿಸ್ ಲೈಕರ್ಟ್ 1932ರಲ್ಲಿ ಪರಿಚಯಿಸಿದ ಐದು ಮಟ್ಟಗಳ ಕ್ರಮ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮುದ್ರಿತ ಹಾಳೆಯಲ್ಲಿ ಅದು ಸರಿಹೋಗುತ್ತದೆ, ಆದರೆ ಓದಿ ಹೇಳುವಾಗ ಐದು ಆಯ್ಕೆಗಳನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಕೊನೆಯಲ್ಲಿ ಕೇಳಿದ್ದನ್ನೋ ನಡುವಿನದನ್ನೋ ಹೇಳಿ ಮುಗಿಸುತ್ತಾರೆ. ಎರಡು ಮೆಟ್ಟಿಲಲ್ಲಿ ಕೇಳಿ: ಮೊದಲು ‘ಈ ಮಾತು ಒಪ್ಪತೀರೋ ಇಲ್ಲೋ?’, ಆಮೇಲೆ ‘ಪೂರ್ತಿನೋ, ಸ್ವಲ್ಪನೋ?’. ಎರಡೂ ಅಲ್ಲ ಎಂದವರಿಗೆ ಮೂರು ಬರೆದುಕೊಳ್ಳಿ. ನಿಷೇಧದ ವಾಕ್ಯಗಳನ್ನು ಪೂರ್ತಿಯಾಗಿ ಕೈಬಿಡಿ. ‘ಈ ಆಪ್ ಬಳಸುವುದು ಕಷ್ಟವೇನಲ್ಲ’ ಎಂಬ ವಾಕ್ಯಕ್ಕೆ ‘ಇಲ್ಲ’ ಎಂದು ಬಂದ ಉತ್ತರ ‘ಕಷ್ಟವಿಲ್ಲ’ ಎಂದೋ ‘ಒಪ್ಪುವುದಿಲ್ಲ’ ಎಂದೋ ಹೇಳುವವರಿಗೂ ತಿಳಿಯದು, ಬರೆದುಕೊಳ್ಳುವವರಿಗೂ ತಿಳಿಯದು.

ಹಂತ 6: ಪ್ರಾಯೋಗಿಕ ಸಮೀಕ್ಷೆ ಮತ್ತು ಆಲ್ಫಾ

ಮೂವತ್ತು ನಲವತ್ತು ಜನರಲ್ಲಿ ಪ್ರಾಯೋಗಿಕ ಸಮೀಕ್ಷೆ ನಡೆಸಿ, ಕ್ರೋನ್‌ಬಾಕ್ 1951ರಲ್ಲಿ ಮಂಡಿಸಿದ ಆಲ್ಫಾ ಎಂಬ ವಿಶ್ವಾಸಾರ್ಹತೆಯ ಅಂಕಿಯನ್ನು ಲೆಕ್ಕ ಹಾಕಿ. 0.70 ದಾಟಿದರೆ ಸಾಕೆಂಬುದು ರೂಢಿ. ಡೇವಿಸ್ ತಮ್ಮ 152 ಬಳಕೆದಾರರಲ್ಲಿ ಉಪಯುಕ್ತತೆಗೆ 0.98, ಸುಲಭತೆಗೆ 0.94 ವಿಶ್ವಾಸಾರ್ಹತೆಯನ್ನು ಕಂಡರು. ಅದು ಅವರ ಇಂಗ್ಲಿಷ್ ಮಾಪನದ ಅಂಕಿಯೇ ಹೊರತು ನಿಮ್ಮ ಕನ್ನಡ ಪಾಠದ್ದಲ್ಲ, ಆದ್ದರಿಂದ ‘ಈ ಮಾಪನ ಈಗಾಗಲೇ ಸಿದ್ಧವಾಗಿದೆ’ ಎಂದು ಬರೆದು ಜಾರಿಕೊಳ್ಳಬೇಡಿ. ಇನ್ನೊಂದು ಮುಖ್ಯ ವಿಷಯವಿದೆ: ಆಲ್ಫಾ ಹೇಳುವುದು ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಎಂಬುದನ್ನು ಮಾತ್ರ. ಎಲ್ಲ ವಾಕ್ಯಗಳಲ್ಲಿಯೂ ‘ಭೂಮಿ’ ಎಂದರೆ ಹೊಲವೆಂದು ತಿಳಿದು ಪ್ರತಿಯೊಬ್ಬರೂ ತಮ್ಮ ತಮ್ಮ ಧಾಟಿಯಲ್ಲಿ ಸ್ಥಿರವಾಗಿ ಉತ್ತರಿಸಿದರೂ ಆಲ್ಫಾ ಚೆನ್ನಾಗಿಯೇ ಬರುತ್ತದೆ. ತಪ್ಪು ಅರ್ಥವನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ, ಅದಕ್ಕಾಗಿಯೇ ನಾಲ್ಕನೆಯ ಹಂತವಿರುವುದು. ಆಲ್ಫಾ ಏರಿಸಲೆಂದು ಒಂದೇ ವಾಕ್ಯವನ್ನು ಮೂರು ಬಗೆಯಲ್ಲಿ ತಿರುಗಿಸಿ ಬರೆಯುವ ಅಡ್ಡದಾರಿಯೂ ಬೇಡ.

ಲೆಕ್ಕಕ್ಕೆ ದುಬಾರಿ ತಂತ್ರಾಂಶದ ಕಳ್ಳಪ್ರತಿ ಹಾಕಿಕೊಳ್ಳುವ ಅಗತ್ಯವಿಲ್ಲ, ಉಚಿತವಾಗಿ ಸಿಗುವ ಜಮೋವಿ ಸಾಕು. ಕಾಲೇಜುಗಳ ಎದುರು ‘ದತ್ತಾಂಶ ವಿಶ್ಲೇಷಣೆ ಮಾಡಿಕೊಡಲಾಗುವುದು’ ಎಂದು ಚೀಟಿ ಅಂಟಿಸುವವರ ಕೈಗೆ ಮಾತ್ರ ನಿಮ್ಮ ಹಾಳೆಗಳನ್ನು ಕೊಡಬೇಡಿ. ತಾವು ಮಾಡದ ಲೆಕ್ಕವನ್ನು ಮೌಖಿಕ ಪರೀಕ್ಷೆಯಲ್ಲಿ ವಿವರಿಸಲಾಗದೆ ತಲೆತಗ್ಗಿಸಿ ನಿಂತ ಒಳ್ಳೆಯ ವಿದ್ಯಾರ್ಥಿಗಳನ್ನು ನಾನು ನೋಡಿದ್ದೇನೆ, ಅದು ನೋಡುವವರಿಗೂ ನೋವಿನ ಸಂಗತಿ.

ಹಂತ 7: ಜನರ ಆಯ್ಕೆ ಮತ್ತು ಸಂಗ್ರಹ

ಕ್ರೆಜ್ಸಿ ಮತ್ತು ಮಾರ್ಗನ್ ಎಷ್ಟು ಜನರನ್ನು ಕೇಳಬೇಕೆಂದು ತಿಳಿಸಲು 1970ರಲ್ಲಿ ಕೊಟ್ಟ ಕೋಷ್ಟಕದ 384 ಎಂಬ ಸಂಖ್ಯೆ ಯಾದೃಚ್ಛಿಕ ಆಯ್ಕೆಗೆ, ಅಂದರೆ ಚೀಟಿ ಎತ್ತಿದಂತೆ ಜನರನ್ನು ಆರಿಸುವುದಕ್ಕೆ, ಮಾತ್ರ ಅನ್ವಯಿಸುತ್ತದೆ. ಪರಿಚಯದ 384 ಮಂದಿಗೆ ವಾಟ್ಸ್‌ಆ್ಯಪ್‌ನಲ್ಲಿ ಗೂಗಲ್ ಫಾರ್ಮ್ ಕಳಿಸಿ ಆ ಕೋಷ್ಟಕವನ್ನು ಉಲ್ಲೇಖಿಸುವುದು ಸಲ್ಲದು. ಅದರಲ್ಲೂ ತಂತ್ರಜ್ಞಾನದ ಬಳಕೆಯೇ ವಿಷಯವಾಗಿರುವಾಗ, ಫೋನಿನಲ್ಲಿ ಫಾರ್ಮ್ ತುಂಬಬಲ್ಲವರು ಮಾತ್ರ ಉತ್ತರಿಸಿದರೆ ಬಳಸಲಾರದವರು ಲೆಕ್ಕದಿಂದಲೇ ಹೊರಗುಳಿಯುತ್ತಾರೆ. ಹಳ್ಳಿಗೆ ಹೋಗಿ ಕೇಳುವುದಾದರೆ ಉತ್ತರಗಳನ್ನು ಫೋನಿನಲ್ಲೇ ದಾಖಲಿಸಿಕೊಳ್ಳುವ ತಂತ್ರಾಂಶ ಕೋಬೊ ಟೂಲ್‌ಬಾಕ್ಸ್ ಉಚಿತವಾಗಿ ಸಿಗುತ್ತದೆ. ನೆಟ್‌ವರ್ಕ್ ಇಲ್ಲದ ಕಡೆಯೂ ಉತ್ತರಗಳನ್ನು ಉಳಿಸಿಕೊಂಡು ಆಮೇಲೆ ಕಳಿಸುತ್ತದೆ, ಕನ್ನಡ ಅಕ್ಷರಗಳೂ ಸರಿಯಾಗಿ ಮೂಡುತ್ತವೆ. ಹಾಳೆಯಲ್ಲಿ ಮುದ್ರಿಸುವವರು ಯೂನಿಕೋಡ್‌ನಲ್ಲೇ ಬೆರಳಚ್ಚು ಮಾಡಿಸಿ. ಹಳೆಯ ಫಾಂಟಿನ ಕಡತ ಇನ್ನೊಂದು ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಧ ಒತ್ತಕ್ಷರಗಳು ಹಾರಿಹೋಗಿರುತ್ತವೆ.

ಹಂತ 8: ಅನುಬಂಧ

ಇಂಗ್ಲಿಷ್ ಮೂಲ, ಮೊದಲ ಕನ್ನಡ ಪಾಠ, ಕೊನೆಯ ಕನ್ನಡ ಪಾಠ ಈ ಮೂರನ್ನೂ ಅಕ್ಕಪಕ್ಕದ ಕಾಲಂಗಳಲ್ಲಿ ಪ್ರಬಂಧದ ಅನುಬಂಧಕ್ಕೆ ಸೇರಿಸಿ, ಯಾವ ವಾಕ್ಯವನ್ನು ಯಾವ ಸುತ್ತಿನಲ್ಲಿ, ಯಾರು ಹೇಗೆ ಅರ್ಥ ಮಾಡಿಕೊಂಡದ್ದರಿಂದ ಬದಲಿಸಿದಿರಿ ಎಂಬುದನ್ನು ಹೆಸರುಗಳಿಲ್ಲದೆ ಒಂದೊಂದು ಸಾಲಿನಲ್ಲಿ ಬರೆಯಿರಿ. ನಾಲ್ಕನೆಯ ಹಂತದ ಆ ಮೂರು ಕಾಲಂಗಳ ನೋಟುಬುಕ್ಕನ್ನು ಮೌಖಿಕ ಪರೀಕ್ಷೆಯ ದಿನ ಕೈಯಲ್ಲಿ ಹಿಡಿದುಕೊಂಡೇ ಹೋಗಿ.